ಕೊಟೇಶನ್ ಕೋರಿಕೆಯ ತಿದ್ದುಪಡಿ

ಒಂದು ಸಂಸ್ಥೆ ತನಗೆ ಬೇಕಾದ ಸಾಮಾನು ಅಥವಾ ಸೇವೆಯ ವಿವರ ಕೊಟ್ಟು, ದರ ಎಷ್ಟು, ಎಷ್ಟು ದಿನದಲ್ಲಿ ಪೂರೈಸುತ್ತೀರಿ, ಷರತ್ತುಗಳೇನು ಎಂದು ಸರಬರಾಜುದಾರರನ್ನು ಕೇಳುವ ದಾಖಲೆಯೇ ಕೊಟೇಶನ್ ಕೋರಿಕೆ. ಕಾರ್ಖಾನೆಗಳ ಖರೀದಿ ವಿಭಾಗದಲ್ಲಿ ಇದಕ್ಕೆ ಎನ್‌ಕ್ವೈರಿ, ಆರ್‌ಎಫ್‌ಕ್ಯು ಎಂಬ ಹೆಸರುಗಳಿವೆ. ಸರ್ಕಾರಿ ಕಚೇರಿಗಳಲ್ಲಿ ದರಪಟ್ಟಿ ಆಹ್ವಾನ ಎನ್ನುವುದು ರೂಢಿ. ಹೀಗೆ ಸಿದ್ಧಪಡಿಸಿದ ಅಥವಾ ಕಳುಹಿಸಿದ ಕೋರಿಕೆಯಲ್ಲಿ ಪ್ರಮಾಣ, ಅಳತೆ, ದರ್ಜೆ, ಗಡುವು, ಸರಬರಾಜುದಾರರ ಪಟ್ಟಿ ಮುಂತಾದವನ್ನು ಖರೀದಿ ತಂತ್ರಾಂಶದಲ್ಲಿ ಬದಲಿಸುವುದಕ್ಕೆ ತಿದ್ದುಪಡಿ ಎನ್ನುತ್ತಾರೆ. ಪರದೆಯ ಮೇಲೆ ಇದು ಒಂದೆರಡು ಗುಂಡಿ ಒತ್ತುವ ಕೆಲಸವಾಗಿ ಕಾಣುತ್ತದೆ. ಆದರೆ ಪೈಪೋಟಿ ದರದ ಖರೀದಿಗೆ ಅರ್ಥ ಬರುವುದು ಎಲ್ಲ ಸರಬರಾಜುದಾರರೂ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಾಗ ಮಾತ್ರ. ತಿದ್ದುಪಡಿಯಲ್ಲಿ ಬದಲಾಗುವುದು ಆ ಪ್ರಶ್ನೆಯೇ ಆದ್ದರಿಂದ ಖರೀದಿಯ ಕೆಲಸಗಳಲ್ಲಿ ಇದು ಹೆಚ್ಚು ಎಚ್ಚರ ಬೇಡುವ ಘಟ್ಟ.

ಕೋರಿಕೆಯ ಸ್ಥಾನ

ಸ್ಟೋರ್ಸ್ ಅಥವಾ ಉತ್ಪಾದನಾ ವಿಭಾಗ ಇಂಡೆಂಟ್ ಹಾಕಿದ ಮೇಲೆ ಖರೀದಿ ವಿಭಾಗ ಅದನ್ನು ಆಧರಿಸಿ ಕೋರಿಕೆ ತಯಾರಿಸಿ ಮೂವರಿಗೋ ನಾಲ್ವರಿಗೋ ಕಳುಹಿಸುತ್ತದೆ. ಬಂದ ಕೊಟೇಶನ್‌ಗಳನ್ನು ತುಲನಾ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ಕಡಿಮೆ ದರದವರನ್ನು, ಕಚೇರಿಯ ಮಾತಿನಲ್ಲಿ ಎಲ್‌1 ಅನ್ನು, ಗುರುತಿಸಿ ಪರ್ಚೇಸ್ ಆರ್ಡರ್ ಹೊರಡಿಸುತ್ತಾರೆ.

ಕಾನೂನಿನ ದೃಷ್ಟಿಯಲ್ಲಿ ಕೋರಿಕೆ ಯಾರನ್ನೂ ಕಟ್ಟಿಹಾಕುವುದಿಲ್ಲ. 1872ರ ಭಾರತೀಯ ಒಪ್ಪಂದ ಅಧಿನಿಯಮದ ಚೌಕಟ್ಟಿನಲ್ಲಿ ಅದು ಪ್ರಸ್ತಾವ ಸಲ್ಲಿಸಿರಿ ಎಂಬ ಆಹ್ವಾನವಷ್ಟೇ. ಬೆಲೆ ತಿಳಿಸಿದ ಮಾತ್ರಕ್ಕೆ ಮಾರಲು ಒಪ್ಪಿದಂತಾಗುವುದಿಲ್ಲ ಎಂಬ ತತ್ತ್ವಕ್ಕೆ ಇಂದಿಗೂ ಉಲ್ಲೇಖಿಸುವುದು 1893ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ, ಜಮೈಕಾದ ಒಂದು ಆಸ್ತಿಗೆ ಸಂಬಂಧಿಸಿದ ಹಾರ್ವಿ ವಿರುದ್ಧ ಫೇಸಿ ಪ್ರಕರಣವನ್ನು. ಹಾಗಾಗಿ ಆರ್ಡರ್ ಆಗುವ ಮುನ್ನ ಕೋರಿಕೆಯನ್ನು ಬದಲಿಸಲು ಖರೀದಿದಾರನಿಗೆ ಸಾಮಾನ್ಯವಾಗಿ ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಬರುವುದು ಸಂಸ್ಥೆಯ ಖರೀದಿ ನಿಯಮಗಳಿಂದ. ಸಾರ್ವಜನಿಕ ಹಣದ ಖರೀದಿಯಾದರೆ ಶಾಸನಗಳಿಂದ.

ತಿದ್ದುಪಡಿಯ ತೂಕ ಅದು ಯಾವ ಹಂತದಲ್ಲಿ ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಕೋರಿಕೆ ಕರಡಾಗಿರುವಾಗ ಏನು ಬದಲಿಸಿದರೂ ಹೊರಗಿನವರಿಗೆ ಸಂಬಂಧವಿಲ್ಲ. ಕಳುಹಿಸಿದ ಮೇಲೆ, ಉತ್ತರ ಇನ್ನೂ ಬಾರದಿದ್ದಾಗ, ಬದಲಾವಣೆಯನ್ನು ಎಲ್ಲರಿಗೂ ತಿಳಿಸಿದರೆ ಸಾಕು. ಒಬ್ಬರು ದರ ಕೊಟ್ಟ ಮೇಲೆ ಬದಲಿಸಿದರೆ ಆ ದರ ಹಳೆಯ ಪ್ರಶ್ನೆಯ ಉತ್ತರವಾಗಿಬಿಡುತ್ತದೆ, ಅವರಿಂದ ಮತ್ತೆ ದರ ಪಡೆಯಲೇಬೇಕು. ಎಲ್ಲ ದರಗಳನ್ನೂ ತೆರೆದು ನೋಡಿದ ಮೇಲೆ ವಿವರ ಬದಲಿಸುವುದು ಮಾತ್ರ ಬೇರೆಯೇ ಜಾತಿಯ ಕೆಲಸ. ಯಾರಿಗೆ ಅನುಕೂಲವಾಗಲೆಂದು ಬದಲಿಸಿದರು ಎಂಬ ಅನುಮಾನಕ್ಕೆ ಅಲ್ಲಿ ಉತ್ತರ ಹೇಳುವುದು ಕಷ್ಟ. ಆ ಹಂತದಲ್ಲಿ ಹಳೆಯ ಕೋರಿಕೆಯನ್ನು ರದ್ದುಪಡಿಸಿ ಹೊಸದನ್ನು ಹೊರಡಿಸುವುದೇ ಸರಿಯಾದ ದಾರಿ.

ಒಂದು ಸಾಲಿನ ಬದಲಾವಣೆ

ಹಾಲಿನ ಡೈರಿಯೊಂದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೇಕಾಗಿದೆ ಎಂದುಕೊಳ್ಳೋಣ. ಹೊರವ್ಯಾಸ 51 ಮಿಮೀ, ಗೋಡೆಯ ದಪ್ಪ 1.5 ಮಿಮೀ, ದರ್ಜೆ 304, ಪ್ರಮಾಣ 120 ಮೀಟರ್. ಕೋರಿಕೆ ಮೂವರಿಗೆ ಹೋಗಿದೆ. ಅಷ್ಟರಲ್ಲಿ, ಆ ಪೈಪಿನಲ್ಲಿ ಹರಿಯುವ ತೊಳೆಯುವ ದ್ರಾವಣದಲ್ಲಿ ಕ್ಲೋರೈಡ್ ಅಂಶ ಇರುವುದರಿಂದ 316ಎಲ್ ದರ್ಜೆಯೇ ಆಗಬೇಕೆಂದು ಎಂಜಿನಿಯರ್ ಸೂಚಿಸುತ್ತಾರೆ. 316ಎಲ್‌ನಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಕ್ಲೋರೈಡಿನಿಂದ ಲೋಹದಲ್ಲಿ ಗುಳಿ ಬೀಳುವುದನ್ನು ಅದು ತಡೆಯುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಒಬ್ಬ ಸರಬರಾಜುದಾರ ಆಗಲೇ 304ಕ್ಕೆ ದರ ಕೊಟ್ಟಿದ್ದು, ಉಳಿದಿಬ್ಬರು ತಿದ್ದಿದ ಕೋರಿಕೆ ನೋಡಿ 316ಎಲ್‌ಗೆ ಕೊಟ್ಟರೆ, ತುಲನಾ ಪಟ್ಟಿಯಲ್ಲಿ ಮೊದಲನೆಯವರೇ ಎಲ್‌1 ಆಗಿ ನಿಲ್ಲುತ್ತಾರೆ. ಪಟ್ಟಿಯ ಲೆಕ್ಕ ಸರಿಯಾಗಿಯೇ ಇರುತ್ತದೆ, ತೀರ್ಮಾನ ಪೂರ್ತಿ ತಪ್ಪಾಗಿರುತ್ತದೆ.

ಅಳತೆಯ ಮಾನ ಬದಲಿಸುವಾಗ ಆಗುವ ತಪ್ಪು ಇದಕ್ಕಿಂತ ಸೂಕ್ಷ್ಮ. ಪೈಪು ವ್ಯಾಪಾರದಲ್ಲಿ ಕೆಲವರು ಮೀಟರ್ ಲೆಕ್ಕದಲ್ಲಿ, ಕೆಲವರು ಕೆಜಿ ಲೆಕ್ಕದಲ್ಲಿ ದರ ಹೇಳುತ್ತಾರೆ. ಮೇಲಿನ ಅಳತೆಯ ಪೈಪು ಮೀಟರಿಗೆ ಸುಮಾರು 1.85 ಕೆಜಿ ತೂಗುತ್ತದೆ. 120 ಮೀಟರಿಗೆ ಸುಮಾರು 222 ಕೆಜಿ. ಸರಬರಾಜುದಾರರ ಅನುಕೂಲಕ್ಕೆಂದು ಖರೀದಿ ಸಹಾಯಕರು ಮಾನವನ್ನು ಮೀಟರ್‌ನಿಂದ ಕೆಜಿಗೆ ಬದಲಿಸಿ, ಪ್ರಮಾಣದ ಅಂಕಣದಲ್ಲಿ 120 ಎಂಬುದನ್ನು ಹಾಗೆಯೇ ಬಿಟ್ಟರೆ, ಬರುವುದು 65 ಮೀಟರ್‌ನಷ್ಟು ಪೈಪು. ಸ್ಟೋರ್ಸಿನಲ್ಲಿ ಸಾಮಾನು ಇಳಿಸುವ ದಿನದವರೆಗೂ ಈ ತಪ್ಪು ಯಾರ ಕಣ್ಣಿಗೂ ಬೀಳದಿರಬಹುದು, ಏಕೆಂದರೆ ಕೋರಿಕೆ, ಕೊಟೇಶನ್, ಆರ್ಡರ್, ಬಿಲ್ಲು ಎಲ್ಲದರಲ್ಲೂ 120 ಎಂದೇ ಇರುತ್ತದೆ. ಒಳ್ಳೆಯ ತಂತ್ರಾಂಶಗಳು ಪ್ರತಿ ಸಾಮಾನಿಗೂ ದಾಸ್ತಾನಿನ ಮಾನ, ಖರೀದಿಯ ಮಾನ ಮತ್ತು ಎರಡರ ನಡುವಿನ ಪರಿವರ್ತನೆಯ ಅಂಕಿಯನ್ನು ಬೇರೆ ಬೇರೆಯಾಗಿ ಇಡಲು ಅವಕಾಶ ಕೊಡುವುದು ಈ ಕಾರಣಕ್ಕೆ. ಆ ಅಂಕಿಯನ್ನು ಮೊದಲೇ ತುಂಬಿಡುವ ಶ್ರಮ ಬಹಳ ಕಡೆ ನಡೆಯುವುದಿಲ್ಲ.

ಗಡುವು, ತಲುಪಿಸುವ ಸ್ಥಳ, ಪಾವತಿಯ ಷರತ್ತು ಇವೂ ದರವನ್ನು ಬದಲಿಸುವ ಅಂಶಗಳೇ. ಸಂಪರ್ಕ ವ್ಯಕ್ತಿಯ ಫೋನ್ ಸಂಖ್ಯೆ, ಕಾಗುಣಿತದ ದೋಷ, ಒಳಗಿನ ಬಜೆಟ್ ಶೀರ್ಷಿಕೆ ಹಾಗಲ್ಲ. ತಿದ್ದುವ ಮುನ್ನ ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ನೋಡಿದ ಸರಬರಾಜುದಾರ ತನ್ನ ದರವನ್ನೋ ದಿನಾಂಕವನ್ನೋ ಬದಲಿಸಬಹುದೇ? ಬದಲಿಸಬಹುದಾದರೆ ಅದು ಎಲ್ಲರಿಗೂ ತಿಳಿಸಲೇಬೇಕಾದ ತಿದ್ದುಪಡಿ.

ತಂತ್ರಾಂಶಗಳ ರೀತಿ

ಖರೀದಿ ತಂತ್ರಾಂಶಗಳು ಈ ಸಮಸ್ಯೆಯನ್ನು ಒಂದೇ ಬಗೆಯಲ್ಲಿ ನಿಭಾಯಿಸುವುದಿಲ್ಲ. ಕೋರಿಕೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಬೇರೆ ಬೇರೆ ದಾಖಲೆಯಾಗಿ ಇಡುತ್ತಾರೆಯೇ ಅಥವಾ ಒಂದರೊಳಗೇ ಸೇರಿಸುತ್ತಾರೆಯೇ ಎಂಬಲ್ಲೇ ದೊಡ್ಡ ವ್ಯತ್ಯಾಸವಿದೆ.

ಮುಂಬೈಯ ಫ್ರಾಪೆ ಸಂಸ್ಥೆ ರೂಪಿಸಿದ, ಮುಕ್ತ ಆಕರದ ಇಆರ್‌ಪಿನೆಕ್ಸ್ಟ್‌ನಲ್ಲಿ ಇವೆರಡೂ ಬೇರೆ. ಕೋರಿಕೆಯ ಒಂದೇ ದಾಖಲೆಯಲ್ಲಿ ಎರಡು ಕೋಷ್ಟಕಗಳಿರುತ್ತವೆ: ಒಂದರಲ್ಲಿ ಸಾಮಾನುಗಳು, ಇನ್ನೊಂದರಲ್ಲಿ ಸರಬರಾಜುದಾರರು. ದಾಖಲೆಗೆ ಮೂರು ಸ್ಥಿತಿಗಳು, ಒಳಗಿನ ಅಂಕಿಗಳಲ್ಲಿ 0, 1, 2. ಅಂದರೆ ಕರಡು, ಸಲ್ಲಿಕೆಯಾದದ್ದು, ರದ್ದಾದದ್ದು. ಕರಡಿನಲ್ಲಿ ಮುಕ್ತವಾಗಿ ತಿದ್ದಬಹುದು. ಸಬ್ಮಿಟ್ ಒತ್ತಿದ ಮೇಲೆ ಸಾಮಾನಿನ ಪ್ರಮಾಣ, ಮಾನ ಮುಂತಾದ ಮುಖ್ಯ ಅಂಕಣಗಳು ಬೀಗ ಹಾಕಿಕೊಳ್ಳುತ್ತವೆ. ಬದಲಿಸಲೇಬೇಕಿದ್ದರೆ ಮೊದಲು ಕ್ಯಾನ್ಸಲ್ ಮಾಡಬೇಕು, ನಂತರ ಅಮೆಂಡ್ ಒತ್ತಬೇಕು. ಆಗ ಹಳೆಯ ದಾಖಲೆಯ ನಕಲು ಹೊಸ ಕರಡಾಗಿ ತೆರೆದುಕೊಳ್ಳುತ್ತದೆ. ಸಾಮಾನ್ಯ ವ್ಯವಸ್ಥೆಯಲ್ಲಿ ಹಳೆಯ ಸಂಖ್ಯೆಯ ಕೊನೆಗೆ ಅಡ್ಡಗೆರೆ ಮತ್ತು 1 ಸೇರುತ್ತದೆ, ಇನ್ನೊಮ್ಮೆ ತಿದ್ದಿದರೆ 2. ರದ್ದಾದ ದಾಖಲೆ ಅಳಿಯದೆ ಉಳಿದು, ಹೊಸದು ಯಾವುದರಿಂದ ಹುಟ್ಟಿತು ಎಂಬ ಕೊಂಡಿಯೂ ಇರುತ್ತದೆ. ಹಳೆಯ ಕೋರಿಕೆಗೆ ಜೋಡಣೆಯಾದ, ಸಲ್ಲಿಕೆಯಾದ ಸರಬರಾಜುದಾರರ ಕೊಟೇಶನ್ ಇದ್ದರೆ ಅದನ್ನೂ ರದ್ದುಪಡಿಸದೆ ಮುಂದೆ ಹೋಗಲು ತಂತ್ರಾಂಶ ಬಿಡುವುದಿಲ್ಲ.

ದಿನಕ್ಕೆ ಹತ್ತಾರು ಕೋರಿಕೆ ಹೊರಡಿಸುವವರಿಗೆ ಈ ಸುತ್ತುದಾರಿ ಬೇಸರ ತರಿಸುವುದು ನಿಜ. ಒಂದು ಅಂಕಿ ಬದಲಿಸಲು ಇಷ್ಟೆಲ್ಲ ಬೇಕೇ ಎಂಬ ದೂರು ಖರೀದಿ ವಿಭಾಗಗಳಲ್ಲಿ ಸಾಮಾನ್ಯ. ಹಾಗಿದ್ದರೂ ಇದು ಸರಿಯಾದ ವಿನ್ಯಾಸ. 304ಕ್ಕೆ ಕೊಟ್ಟ ದರ 316ಎಲ್‌ನ ಪಟ್ಟಿಯೊಳಗೆ ನುಸುಳದಂತೆ ತಡೆಯುವುದು ಈ ಬೇಸರದ ಹೆಜ್ಜೆಗಳೇ.

ಬೆಲ್ಜಿಯಂನಲ್ಲಿ ಹುಟ್ಟಿದ ಓಡೂ ತಂತ್ರಾಂಶದ ದಾರಿ ಬೇರೆ. ಅಲ್ಲಿ ಕೋರಿಕೆ ಮತ್ತು ಪರ್ಚೇಸ್ ಆರ್ಡರ್ ಒಂದೇ ದಾಖಲೆಯ ಎರಡು ಅವಸ್ಥೆಗಳು. ಕರಡು, ಕಳುಹಿಸಿದ್ದು, ದೃಢೀಕರಿಸಿದ್ದು ಎಂದು ಸ್ಥಿತಿ ಮುಂದೆ ಸಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ. ಸರಬರಾಜುದಾರ ಹೇಳಿದ ದರವನ್ನು ಬರೆದುಕೊಳ್ಳುವುದೂ ಅದೇ ಸಾಲಿನಲ್ಲಿ. ಕಳುಹಿಸಿದ ಸ್ಥಿತಿಯಲ್ಲೂ ಸಾಲುಗಳನ್ನು ನೇರವಾಗಿ ತಿದ್ದಬಹುದಾದ್ದರಿಂದ ಕೆಲಸ ಬೇಗ ಆಗುತ್ತದೆ. ಆದರೆ ತಿದ್ದಿದ ಮಾತ್ರಕ್ಕೆ ಸರಬರಾಜುದಾರನಿಗೆ ಸುದ್ದಿ ಹೋಗುವುದಿಲ್ಲ. ಇಮೇಲ್ ಮತ್ತೆ ಕಳುಹಿಸುವುದು ಖರೀದಿದಾರನ ನೆನಪಿಗೆ ಬಿಟ್ಟದ್ದು. 2022ರಲ್ಲಿ ಬಂದ 16ನೇ ಆವೃತ್ತಿಯಿಂದ ಒಂದು ಕೋರಿಕೆಗೆ ಪರ್ಯಾಯ ಕೋರಿಕೆಗಳನ್ನು ಜೋಡಿಸಿ ಬೇರೆ ಸರಬರಾಜುದಾರರ ದರಗಳೊಂದಿಗೆ ಹೋಲಿಸುವ ಸೌಲಭ್ಯವಿದೆ. ಈ ಪರ್ಯಾಯಗಳು ಹುಟ್ಟುವಾಗ ಮೂಲದಿಂದ ನಕಲಾಗುತ್ತವೆ, ಅನಂತರ ಪ್ರತಿಯೊಂದೂ ಸ್ವತಂತ್ರ. ಮೂಲದಲ್ಲಿ ದರ್ಜೆ ಬದಲಿಸಿದರೆ ಉಳಿದವುಗಳಲ್ಲಿ ಕೈಯಿಂದಲೇ ಬದಲಿಸಬೇಕು.

ಜರ್ಮನಿಯ ಎಸ್‌ಎಪಿಯ ಹಳೆಯ ಪರದೆಗಳನ್ನು ಬಳಸಿದವರಿಗೆ ಎಂಇ41, ಎಂಇ42, ಎಂಇ47, ಎಂಇ49 ಎಂಬ ಸಂಕೇತಗಳು ಬಾಯಿಪಾಠ: ಕ್ರಮವಾಗಿ ಕೋರಿಕೆ ರಚಿಸಲು, ತಿದ್ದಲು, ಬಂದ ದರ ದಾಖಲಿಸಲು, ದರ ಹೋಲಿಸಲು. ಈ ವ್ಯವಸ್ಥೆಯಲ್ಲಿ ಒಬ್ಬ ಸರಬರಾಜುದಾರನಿಗೆ ಒಂದು ಕೋರಿಕೆ. ನಾಲ್ವರಿಗೆ ಕೇಳಬೇಕಾದರೆ ನಾಲ್ಕು ದಾಖಲೆಗಳು, ಅವನ್ನೆಲ್ಲ ಒಂದು ಸಾಮೂಹಿಕ ಸಂಖ್ಯೆ ಕಟ್ಟಿಡುತ್ತದೆ. ಸರಬರಾಜುದಾರನ ದರವನ್ನು ತುಂಬುವುದೂ ಅದೇ ಕೋರಿಕೆಯ ದಾಖಲೆಯಲ್ಲಿ. ಒಳಗೆ ಇವು ಪರ್ಚೇಸ್ ಆರ್ಡರ್‌ಗಳಿರುವ ಕೋಷ್ಟಕದಲ್ಲೇ ಕುಳಿತಿರುತ್ತವೆ. ಆರ್ಡರಿಗೆ ಎಫ್, ಕೋರಿಕೆಗೆ ಎ ಎಂಬ ಗುರುತಿನ ಅಕ್ಷರವಷ್ಟೇ ಬೇರೆ. ಪ್ರಮಾಣ ಬದಲಾದರೆ ಎಂಇ42ಕ್ಕೆ ನಾಲ್ಕು ಸಲ ಹೋಗಬೇಕು. ಮೂರನ್ನು ತಿದ್ದಿ ನಾಲ್ಕನೆಯದನ್ನು ಮರೆತರೆ ತಂತ್ರಾಂಶ ಎಚ್ಚರಿಸುವುದಿಲ್ಲ. ಹೊಸ ಪೀಳಿಗೆಯ ಎಸ್/4ಹಾನಾದಲ್ಲಿ ಒಂದೇ ಕೋರಿಕೆಗೆ ಹಲವು ಸರಬರಾಜುದಾರರನ್ನು ಸೇರಿಸುವ ಮಾದರಿಗೆ ಎಸ್‌ಎಪಿ ಬಂದಿದೆ. ಹಳೆಯದಕ್ಕಿಂತ ಇದು ಸ್ಪಷ್ಟವಾಗಿ ಮೇಲು.

ದೊಡ್ಡ ಸಂಸ್ಥೆಗಳ ಸೋರ್ಸಿಂಗ್ ತಂತ್ರಾಂಶಗಳಲ್ಲಿ ಒರಾಕಲ್‌ನದು ಹೆಚ್ಚು ಕಟ್ಟುನಿಟ್ಟು. ನಡೆಯುತ್ತಿರುವ ಕೋರಿಕೆಗೆ ತಿದ್ದುಪಡಿ ಹೊರಡಿಸಿದರೆ ಸರಬರಾಜುದಾರರು ಅದನ್ನು ನೋಡಿದ್ದೇವೆಂದು ಒಪ್ಪಿಗೆ ಸೂಚಿಸಬೇಕು. ಅದುವರೆಗೆ ಬಂದಿದ್ದ ದರಗಳು ಮರುಸಲ್ಲಿಕೆ ಅಗತ್ಯ ಎಂಬ ಸ್ಥಿತಿಗೆ ಹೋಗುತ್ತವೆ. ದರಗಳನ್ನೆಲ್ಲ ನೋಡಿಯಾದ ಮೇಲೆ ಮತ್ತೆ ದರ ಕೇಳಬೇಕೆನಿಸಿದರೆ ಅದಕ್ಕೆ ಹೊಸ ಸುತ್ತು ಎಂಬ ಪ್ರತ್ಯೇಕ ಕ್ರಮವಿದೆ. ಪ್ರಶ್ನೆ ಬದಲಾಗುವುದು ಒಂದು, ಅದೇ ಪ್ರಶ್ನೆಗೆ ಉತ್ತರವನ್ನು ಮತ್ತೆ ಕೇಳುವುದು ಇನ್ನೊಂದು ಎಂಬ ಭೇದವನ್ನು ತಂತ್ರಾಂಶವೇ ಕಾಯುವುದು ಇಲ್ಲಿನ ಮೆಚ್ಚತಕ್ಕ ಅಂಶ.

ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಹೋಗುವ ಸಂದೇಶಗಳಲ್ಲಿ ಈ ವಿಚಾರ ಬಹಳ ಹಿಂದೆಯೇ ಇತ್ಯರ್ಥವಾಗಿದೆ. ವಿಶ್ವಸಂಸ್ಥೆಯ ಎಡಿಫ್ಯಾಕ್ಟ್ ಮಾನಕದಲ್ಲಿ ಕೋರಿಕೆಯ ಸಂದೇಶದ ಹೆಸರು ರೆಕೋಟ್, ಉತ್ತರದ್ದು ಕೋಟ್ಸ್. ಸಂದೇಶದ ಆರಂಭದಲ್ಲೇ ಅದರ ಉದ್ದೇಶವನ್ನು ಸಂಕೇತದಲ್ಲಿ ಹೇಳಲಾಗುತ್ತದೆ: 9 ಎಂದರೆ ಮೂಲ, 4 ಎಂದರೆ ಬದಲಾವಣೆ, 5 ಎಂದರೆ ಹಳೆಯದರ ಜಾಗಕ್ಕೆ ಪೂರ್ತಿ ಹೊಸದು, 1 ಎಂದರೆ ರದ್ದು. ಅಮೆರಿಕದ ಎಕ್ಸ್12 ಮಾನಕದ 840ನೇ ಸಂದೇಶದಲ್ಲೂ ಇಂಥದೇ ಸಂಕೇತಗಳಿವೆ. ಬದಲಾದ ಸಾಲನ್ನಷ್ಟೇ ಕಳುಹಿಸುವುದಕ್ಕಿಂತ ಪೂರ್ತಿ ಹೊಸದನ್ನು ಕಳುಹಿಸುವುದು ಸುರಕ್ಷಿತ, ಏಕೆಂದರೆ ಹಿಂದಿನ ಯಾವುದೋ ಒಂದು ತಿದ್ದುಪಡಿ ದಾರಿಯಲ್ಲಿ ಕಳೆದುಹೋಗಿದ್ದರೂ ಕೊನೆಯದು ತಾನೇ ಪೂರ್ಣವಾಗಿರುತ್ತದೆ.

ಸಾರ್ವಜನಿಕ ಖರೀದಿ

ಸರ್ಕಾರದ ಹಣ ಖರ್ಚಾಗುವಲ್ಲಿ ತಿದ್ದುಪಡಿಯ ನಿಯಮಗಳು ಬಿಗಿ. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 2011ರಲ್ಲಿ ಒಪ್ಪಿದ ಸಾರ್ವಜನಿಕ ಖರೀದಿಯ ಮಾದರಿ ಕಾನೂನು, ಸಣ್ಣ ಮೊತ್ತದ ಸಿದ್ಧ ಸಾಮಾನುಗಳಿಗೆ ಕೊಟೇಶನ್ ವಿಧಾನವನ್ನು ಒಪ್ಪುತ್ತದೆ. ಕನಿಷ್ಠ ಮೂವರಿಂದ ದರ ಕೇಳಬೇಕು. ಒಬ್ಬರಿಗೆ ಒಂದೇ ದರ ಕೊಡಲು ಅವಕಾಶ, ಕೊಟ್ಟ ಮೇಲೆ ಬದಲಿಸುವಂತಿಲ್ಲ, ಚೌಕಾಸಿಯೂ ಇಲ್ಲ. ಉತ್ತರ ಕೊಡುವವನನ್ನು ಇಷ್ಟು ಬಿಗಿಯಾಗಿ ಕಟ್ಟಿದ ಮೇಲೆ ಪ್ರಶ್ನೆ ಕೇಳಿದವನು ಸದ್ದಿಲ್ಲದೆ ಪ್ರಶ್ನೆಯನ್ನು ಬದಲಿಸುವುದು ಸಲ್ಲದು. ಆಹ್ವಾನದ ದಾಖಲೆಗಳಲ್ಲಿ ಬದಲಾವಣೆಯಾದರೆ ಅದು ಎಲ್ಲರಿಗೂ ತಿಳಿಯಬೇಕು, ಅಗತ್ಯವಿದ್ದರೆ ಗಡುವು ವಿಸ್ತರಿಸಬೇಕು ಎಂಬುದೂ ಅದೇ ಕಾನೂನಿನಲ್ಲಿದೆ.

ಅಮೆರಿಕದ ಸಂಯುಕ್ತ ಸರ್ಕಾರದಲ್ಲಿ ಕೊಟೇಶನ್ ಕೇಳಲು ಎಸ್‌ಎಫ್-18 ಎಂಬ ನಮೂನೆ, ಆಹ್ವಾನವನ್ನು ತಿದ್ದಲು ಎಸ್‌ಎಫ್-30 ಎಂಬ ನಮೂನೆ ಇವೆ. ಎರಡನೆಯದರ 11ನೇ ಚೌಕದಲ್ಲಿ, ತಿದ್ದುಪಡಿ ತಲುಪಿದೆ ಎಂಬುದನ್ನು ಸರಬರಾಜುದಾರ ಹೇಗೆ ತಿಳಿಸಬೇಕು ಎಂಬ ಸೂಚನೆ ಇರುತ್ತದೆ. ಒರಾಕಲ್‌ನಂಥ ತಂತ್ರಾಂಶಗಳಲ್ಲಿ ಒಪ್ಪಿಗೆ ಸೂಚಿಸುವ ಗುಂಡಿ ಮಾಡುವುದೂ ಇದೇ ಕೆಲಸವನ್ನು.

ಭಾರತದಲ್ಲಿ ಕೇಂದ್ರ ಸರ್ಕಾರದ ಖರೀದಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಅವು ಹೊರಬಂದಾಗ 25,000 ರೂಪಾಯಿಯವರೆಗೆ ಕೊಟೇಶನ್ ಇಲ್ಲದೆಯೂ, ಅಲ್ಲಿಂದ 2.5 ಲಕ್ಷದವರೆಗೆ ಮೂವರು ಸದಸ್ಯರ ಸ್ಥಳೀಯ ಖರೀದಿ ಸಮಿತಿಯ ಮೂಲಕವೂ ಕೊಳ್ಳಬಹುದಿತ್ತು. 25 ಲಕ್ಷದವರೆಗೆ ಸೀಮಿತ ಟೆಂಡರ್ ಇತ್ತು. ವೈಜ್ಞಾನಿಕ ಸಂಸ್ಥೆಗಳಿಗೆ ಈ ಮಿತಿಗಳನ್ನು ಅನಂತರ ಏರಿಸಲಾಗಿದೆ. 2016ರ ಆಗಸ್ಟ್‌ನಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ, ಅಂದರೆ ಜೆಮ್, ಬಂದ ಮೇಲೆ ಸಾಮಾನ್ಯ ಸಾಮಾನುಗಳ ಬಹುಪಾಲು ಖರೀದಿ ಆ ಜಾಲತಾಣಕ್ಕೆ ಸರಿದಿದೆ.

ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದು, ಅದರ ನಿಯಮಗಳು 2000ದವು. ಟೆಂಡರ್ ದಾಖಲೆ ಹೊರಬಿದ್ದ ಮೇಲೂ, ಟೆಂಡರ್ ತೆರೆಯುವ ಮುನ್ನ, ಅದರಲ್ಲಿ ಬದಲಾವಣೆ ಮಾಡಲು ಆ ನಿಯಮಗಳು ಅವಕಾಶ ಕೊಡುತ್ತವೆ. ಮೂಲ ದಾಖಲೆ ಪಡೆದ ಎಲ್ಲರಿಗೂ ಬದಲಾವಣೆಯನ್ನು ತಿಳಿಸುವುದು ಕಡ್ಡಾಯ. ಇಂಥ ಬದಲಾವಣೆಯ ಪ್ರಕಟಣೆಯನ್ನು ಕಚೇರಿಗಳಲ್ಲಿ ತಿದ್ದೋಲೆ ಎನ್ನುತ್ತಾರೆ. ಸರಬರಾಜುದಾರರು ದಿನವೂ ಬೆಳಿಗ್ಗೆ ಖರೀದಿ ಪೋರ್ಟಲ್ ತೆರೆದು, ತಾವು ದರ ಕೊಡಲಿರುವ ಬಾಬುಗಳಿಗೆ ಹೊಸ ತಿದ್ದೋಲೆ ಬಂದಿದೆಯೇ ಎಂದು ನೋಡುವುದು ಅವರ ಕಸುಬಿನ ಭಾಗವೇ ಆಗಿದೆ. ಗಡುವಿನ ಹಿಂದಿನ ಸಂಜೆ ತಾಂತ್ರಿಕ ವಿವರ ಬದಲಿಸಿ, ಗಡುವನ್ನು ಮಾತ್ರ ಹಾಗೆಯೇ ಬಿಡುವ ತಿದ್ದೋಲೆ ಅಕ್ಷರಶಃ ನಿಯಮ ಪಾಲಿಸಿದರೂ ಪೈಪೋಟಿಯನ್ನು ಕೊಲ್ಲುತ್ತದೆ. ಹೊಸ ವಿವರಕ್ಕೆ ತಕ್ಕ ದರವನ್ನು ತಯಾರಕರಿಂದ ತರಿಸಿಕೊಳ್ಳಲು ಸಣ್ಣ ವ್ಯಾಪಾರಿಗೆ ಒಂದು ರಾತ್ರಿ ಸಾಲದು.

ಬದಲಾವಣೆಯ ಜಾಡು

ತಿದ್ದುಪಡಿಯಾದ ಪ್ರತಿ ಅಂಕಣದ ಹಳೆಯ ಮೌಲ್ಯ, ಹೊಸ ಮೌಲ್ಯ, ಬದಲಿಸಿದವರ ಹೆಸರು, ದಿನಾಂಕ, ಸಮಯ ಇವನ್ನು ತಂತ್ರಾಂಶ ತಾನಾಗಿ ಬರೆದಿಡಬೇಕು. ಎಸ್‌ಎಪಿ ಇದನ್ನು ಬದಲಾವಣೆಯ ದಾಖಲೆಗಳೆಂಬ ಪ್ರತ್ಯೇಕ ಕೋಷ್ಟಕಗಳಲ್ಲಿ ಇಡುತ್ತದೆ. ಇಆರ್‌ಪಿನೆಕ್ಸ್ಟ್ ದಾಖಲೆಯ ಕೆಳಗಿನ ಕಾಲಸಾಲಿನಲ್ಲಿ ತೋರಿಸುತ್ತದೆ. ಭಾರತದ ಕಂಪನಿಗಳ ಲೆಕ್ಕಪುಸ್ತಕದ ತಂತ್ರಾಂಶದಲ್ಲಿ ಇಂಥ ಜಾಡು ಇರಲೇಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಸಾಧ್ಯವಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೊಟೇಶನ್ ಕೋರಿಕೆ ನೇರವಾಗಿ ಲೆಕ್ಕಪುಸ್ತಕವಲ್ಲ. ಆದರೂ ಖರೀದಿಯ ಬಿಲ್ಲಿನ ಬುಡ ಅಲ್ಲೇ ಇರುವುದರಿಂದ ಲೆಕ್ಕಪರಿಶೋಧಕರು ಮೊದಲು ಕೇಳುವ ಕಾಗದಗಳಲ್ಲಿ ತುಲನಾ ಪಟ್ಟಿ ಮತ್ತು ಅದರ ಹಿಂದಿನ ಕೋರಿಕೆ ಸೇರಿರುತ್ತವೆ.

ಜಾಡಿನಲ್ಲಿ ಏನು ಬದಲಾಯಿತು ಎಂಬುದು ಸಿಗುತ್ತದೆ, ಏಕೆ ಎಂಬುದು ಸಿಗುವುದಿಲ್ಲ. ಎಂಜಿನಿಯರ್ ಸೂಚನೆಯ ಮೇರೆಗೆ ದರ್ಜೆ 304ರಿಂದ 316ಎಲ್‌ಗೆ ಎಂಬ ಒಂದು ವಾಕ್ಯವನ್ನು ಟಿಪ್ಪಣಿಯಲ್ಲಿ ಬರೆಯಬೇಕಾದವರು ಮನುಷ್ಯರೇ. ಎರಡು ವರ್ಷದ ನಂತರ ಪ್ರಶ್ನೆ ಎದ್ದಾಗ ಆ ವಾಕ್ಯ ಬರೆದವರನ್ನು ಕಾಪಾಡುತ್ತದೆ.

ಸರಬರಾಜುದಾರರ ಕಡೆಯಿಂದ

ತಂತ್ರಾಂಶಗಳ ಕೈಪಿಡಿಗಳೆಲ್ಲ ಖರೀದಿದಾರನ ಪರದೆಯನ್ನು ವರ್ಣಿಸುತ್ತವೆ. ಇನ್ನೊಂದು ತುದಿಯಲ್ಲಿರುವವರು ಬೆಂಗಳೂರಿನ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕೈದು ಯಂತ್ರ ಇಟ್ಟುಕೊಂಡು ದುಡಿಯುವ ಸಣ್ಣ ಘಟಕದ ಮಾಲೀಕರು. ಎಷ್ಟೋ ಕಡೆ ಕೊಟೇಶನ್ ಬರೆಯುವವರೂ ಅವರೇ, ಯಂತ್ರದ ಮುಂದೆ ನಿಲ್ಲುವವರೂ ಅವರೇ. ಅವರಿಗೆ ತಿದ್ದುಪಡಿ ತಲುಪುವುದು ಮೊಬೈಲ್ ಫೋನಿಗೆ ಬಂದ ಇಮೇಲಾಗಿ, ಹಲವು ಸಲ ಮೊದಲಿನದರಂತೆಯೇ ಕಾಣುವ ಶೀರ್ಷಿಕೆಯೊಂದಿಗೆ. ಮೂವತ್ತು ಸಾಲಿನ ಪಟ್ಟಿಯಲ್ಲಿ ಹದಿನೇಳನೆಯ ಸಾಲಿನ ದರ್ಜೆ ಮಾತ್ರ ಬದಲಾಗಿದ್ದರೆ ಅದನ್ನು ಹುಡುಕುವ ಹೊರೆ ಅವರ ಮೇಲೆ ಬೀಳುತ್ತದೆ. ಹಳೆಯ ಡ್ರಾಯಿಂಗ್ ಮೇಲೆ ದರ ಕಟ್ಟಿ, ಆರ್ಡರ್ ಪಡೆದು, ಹೊಸ ಡ್ರಾಯಿಂಗ್ ಪ್ರಕಾರ ಮಾಡಿಕೊಡಬೇಕಾಗಿ ಬಂದು ನಷ್ಟ ಅನುಭವಿಸುವವರೂ ಅವರೇ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಇಮೇಲ್ ಶೀರ್ಷಿಕೆಯಲ್ಲಿ ತಿದ್ದುಪಡಿ 1, ತಿದ್ದುಪಡಿ 2 ಎಂಬ ಗುರುತು ಇರಲಿ. ಸಂದೇಶದ ಮೊದಲ ಸಾಲಿನಲ್ಲೇ ಯಾವ ಬಾಬು, ಮೊದಲು ಏನಿತ್ತು, ಈಗ ಏನು ಎಂದು ಬರೆಯಲಿ. ಡ್ರಾಯಿಂಗ್ ಬದಲಾಗಿದ್ದರೆ ಅದರ ರಿವಿಷನ್ ಸಂಖ್ಯೆ ಕೋರಿಕೆಯ ಸಾಲಿನಲ್ಲೂ ಕಾಣಲಿ, ಕಡತದ ಹೆಸರಿನಲ್ಲಿ ಮಾತ್ರ ಅಡಗಿರುವುದು ಬೇಡ. ಆಗಲೇ ದರ ಕೊಟ್ಟವರಿಗೆ ನಿಮ್ಮ ಹಿಂದಿನ ದರವನ್ನು ಪರಿಗಣಿಸುವುದಿಲ್ಲ, ಮತ್ತೆ ಕಳುಹಿಸಿ ಎಂದು ನೇರವಾಗಿ ಹೇಳಲಿ, ಅದಕ್ಕೆ ಸಾಕಷ್ಟು ದಿನ ಕೊಡಲಿ. ಒಬ್ಬರಿಗೆ ಫೋನಿನಲ್ಲಿ ವಿವರಿಸಿದ್ದನ್ನು ಉಳಿದವರಿಗೂ ಬರೆದು ತಿಳಿಸಲಿ.

ಹೊಸದಾಗಿ ಖರೀದಿ ತಂತ್ರಾಂಶ ಕೊಳ್ಳುವ ಸಂಸ್ಥೆಗಳು ಪ್ರಾತ್ಯಕ್ಷಿಕೆಯ ದಿನ ಹೊಸ ಕೋರಿಕೆ ರಚಿಸುವುದನ್ನು ನೋಡಿ ತೃಪ್ತರಾಗಬಾರದು. ಮೂವರಿಗೆ ಕಳುಹಿಸಿದ, ಒಬ್ಬರು ದರ ಕೊಟ್ಟಾಗಿರುವ ಕೋರಿಕೆಯೊಂದರಲ್ಲಿ ಒಂದು ಸಾಲಿನ ಅಳತೆ ಬದಲಿಸಿ ತೋರಿಸಿ ಎಂದು ಕೇಳಬೇಕು. ಆಗ ಮೊದಲು ಬಂದ ದರಕ್ಕೆ ಏನಾಗುತ್ತದೆ, ಉಳಿದಿಬ್ಬರಿಗೆ ಏನು ತಲುಪುತ್ತದೆ, ಹಳೆಯ ಪ್ರತಿ ಎಲ್ಲಿ ಸಿಗುತ್ತದೆ ಎಂಬುದನ್ನು ಪರದೆಯ ಮೇಲೆ ನೋಡಿಯೇ ಆರ್ಡರ್ ಕೊಡಬೇಕು.